ಎಣ್ಣೆ ಸೋರಿದ ಭೂಮಿಯನ್ನು ಸರಿಪಡಿಸುವ ಕ್ರಮ

ಕಲ್ಲೆಣ್ಣೆಯ ಪದಾರ್ಥಗಳನ್ನು ನೆಲದಡಿಯ ಕೊಳವೆಗಳಲ್ಲಿ ಸಾಗಿಸುವ ಪದ್ಧತಿಯು ನಮ್ಮ ರಾಜ್ಯದಲ್ಲಿ ಬಳಕೆಗೆ ಬಂದಿದೆ. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಸುಮಾರು 360 ಕಿಲೋಮೀಟರು ಉದ್ದದ ಕೊಳವೆಯು 2003ರಲ್ಲಿ ಸಿದ್ಧವಾಯಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಪೆಟ್ರೋಲ್ ಬಂಕುಗಳ ನೆಲದಡಿಯ ತೊಟ್ಟಿಗಳೂ ಅವಕ್ಕೆ ಸೇರಿದ ಕೊಳವೆಗಳೂ ಅನೇಕ ಕಡೆ ಹೊಲಗಳ ಮಗ್ಗುಲಲ್ಲಿಯೇ ಇವೆ. ಇವು ತುಕ್ಕು ಹಿಡಿದು ಸೋರಿದರೆ ಎಣ್ಣೆಯು ಕಣ್ಣಿಗೆ ಬೀಳದೆ ಬಹುದಿನ ಮಣ್ಣಿಗೆ ಇಳಿಯುತ್ತಿರುವುದು. ಚೆನ್ನೈ ನಗರದ ತೊಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ಹೀಗೆ ಸೋರಿದ ಡೀಸೆಲ್ಲು ನಿವಾಸಿಗಳ ಬೋರುಬಾವಿಗಳಲ್ಲಿ ಕಾಣಿಸಿಕೊಂಡಿತು. ಮಳೆ ಕಡಮೆಯಾಗಿ ಬಾವಿಯ ನೀರನ್ನೇ ನಂಬಿರುವ ಈ ಐದು ತಾಲ್ಲೂಕುಗಳಲ್ಲಿ ಒಂದು ಬಾವಿ ಕೆಟ್ಟರೆ ಆಗುವ ನಷ್ಟವನ್ನು ಹೇಳಬೇಕಾದುದಿಲ್ಲ.

ಮಣ್ಣಿನ ಭೇದ

ಮಸಾರಿ ನೆಲದಲ್ಲಿ ಮರಳಿನ ಅಂಶ ಹೆಚ್ಚಾದುದರಿಂದ ಎಣ್ಣೆಯು ಬೇಗನೆ ಕೆಳಗಿಳಿದು ಬಾವಿಯ ಸೆಲೆಯನ್ನು ಸೇರುವುದು. ಎರೆಭೂಮಿಯು ಹಸಿಯಾಗಿರುವಾಗ ಎಣ್ಣೆಯನ್ನು ಮೇಲುಪದರದಲ್ಲಿಯೇ ತಡೆದಿಡುವುದು. ಬೇಸಗೆಯಲ್ಲಿ ಬಿರುಕುಗಳ ಮೂಲಕ ಆಳಕ್ಕೆ ಬಿಟ್ಟುಕೊಡುವುದು. ಆದುದರಿಂದ ಮಸಾರಿಯಲ್ಲಿ ತ್ವರೆಯೂ ಎರೆಯಲ್ಲಿ ತಾಳ್ಮೆಯೂ ಬೇಕು. ಎಣ್ಣೆಯು ಮಣ್ಣಿನ ಕಣಗಳನ್ನು ಆವರಿಸಿ ನೀರನ್ನೂ ಗಾಳಿಯನ್ನೂ ಬೇರಿಗೆ ತಲಪಗೊಡದು.

ಸೋರಿಕೆಯ ಗುರುತು

ಹಸಿರು ಪೈರಿನ ನಡುವೆ ಒಂದು ಪಟ್ಟಿ ಮಾತ್ರ ಹಳದಿಗಟ್ಟುವುದು, ಮಣ್ಣು ಅಗೆದಾಗ ವಾಸನೆ ಬರುವುದು, ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಟ್ಟುವುದು ಇವು ಮುಖ್ಯ ಲಕ್ಷಣಗಳು. ಕಬ್ಬಿಣದ ಅಂಶವಿರುವ ನೀರಿನ ಮೇಲೂ ಇಂತಹ ಪೊರೆ ಕಾಣುವುದುಂಟು. ಕಡ್ಡಿಯಿಂದ ಕಲಕಿದಾಗ ಅದು ಚೂರುಚೂರಾಗಿ ಒಡೆಯುವುದು. ಎಣ್ಣೆಯ ಪೊರೆಯಾದರೋ ಮತ್ತೆ ಒಂದುಗೂಡುವುದು.

ಮೊದಲ ದಿನದ ಕೆಲಸ

ಬೀಡಿ, ಬೆಂಕಿ, ಎಂಜಿನ್ನುಗಳನ್ನು ದೂರವಿರಿಸಿ ಜನ ದನಗಳನ್ನು ಅತ್ತ ಬಿಡಬಾರದು. ಕೊಳವೆಯ ಗುರುತುಕಂಬದ ಮೇಲಿರುವ ದೂರವಾಣಿ ಸಂಖ್ಯೆಗೂ ಪೊಲೀಸರಿಗೂ ಒಡನೆ ತಿಳಿಸತಕ್ಕದ್ದು. ಹರಿಯುವ ಎಣ್ಣೆಗೆ ದೂರದಿಂದಲೇ ಮಣ್ಣಿನ ಒಡ್ಡು ಹಾಕಿ ಹಳ್ಳಕ್ಕೆ ಸೇರದಂತೆ ತಡೆಯಬೇಕು. ಸಮೀಪದ ಬಾವಿಯ ನೀರನ್ನು ಪರೀಕ್ಷೆಯಾಗುವವರೆಗೆ ಬಳಸಬಾರದು. ಕೊಳವೆಯ ಮೇಲಣ ನೆಲವನ್ನು ರೈತರು ತಾವೇ ಅಗೆಯಕೂಡದು. ಅದು ಕಂಪನಿಯವರ ಕೆಲಸ. ಮಣ್ಣನ್ನು ಕದಲಿಸುವ ಮೊದಲೇ ಮಹಜರು ಬರೆಯಿಸಿ, ಗಾಜಿನ ಸೀಸೆಗಳಲ್ಲಿ ಮಣ್ಣಿನ ಮತ್ತು ನೀರಿನ ಮಾದರಿಗಳನ್ನು ತೆಗೆಯಿಸತಕ್ಕದ್ದು. ಪರಿಹಾರ ಕೇಳುವಾಗ ಇದೇ ಆಧಾರವಾಗುವುದು.

ಮಣ್ಣನ್ನು ಶುದ್ಧಿಗೊಳಿಸುವುದು

ಎಣ್ಣೆಯನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿಯೇ ಇವೆ. ಅವಕ್ಕೆ ಗಾಳಿ, ತೇವ, ಸಾರಜನಕ ಇವು ದೊರೆತರೆ ಎಣ್ಣೆಯು ಕ್ರಮವಾಗಿ ಕರಗುವುದು. ದೊಡ್ಡ ಸೋರಿಕೆಯಲ್ಲಿ ಈ ಕೆಲಸವು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯಿಂದ ಸೋರಿಕೆಗೆ ಕಾರಣರಾದವರ ಖರ್ಚಿನಲ್ಲಿ ನಡೆಯಬೇಕು. ಪಂಪಿನ ಮನೆಯಲ್ಲಿ ಚೆಲ್ಲಿದಂತಹ ಅಲ್ಪ ಎಣ್ಣೆಯಾದರೆ ಜಮೀನುದಾರರೇ ಮಾಡಬಹುದು.

1. ಬಾವಿ, ಹಳ್ಳಗಳಿಂದ ದೂರವಾದ ಎತ್ತರದ ಜಾಗದಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಬದು ಹಾಕಿ, ಕೆಟ್ಟ ಮಣ್ಣನ್ನು ಒಂದು ಅಡಿ ದಪ್ಪಕ್ಕೆ ಹರಡಬೇಕು.

2. ಹತ್ತು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಒಂದು ಟನ್ನು ಮಣ್ಣಿನಲ್ಲಿ 10 ಕಿಲೋ ಎಣ್ಣೆಯಿದ್ದರೆ ಸುಮಾರು ಒಂದೂಮುಕ್ಕಾಲು ಕಿಲೋ ಯೂರಿಯಾ, ಒಂದೂಕಾಲು ಕಿಲೋ ಸೂಪರ್ ಫಾಸ್ಫೇಟ್ ಸಾಕು. ಇದನ್ನು ನಾಲ್ಕು ಕಂತುಗಳಲ್ಲಿ ಕೊಡಬೇಕು. ಒಮ್ಮೆಗೇ ಸುರಿದರೆ ಜೀವಿಗಳು ಸಾಯುವುವು.

3. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟು ತೇವವಿರಲಿ. ವಾರಕ್ಕೊಮ್ಮೆ ತಿರುವಿಹಾಕಿ, ಮಳೆ ಬಂದಾಗ ಮುಚ್ಚಬೇಕು.

ಡೀಸೆಲ್ಲು ಕೆಲವು ತಿಂಗಳುಗಳಲ್ಲಿ ಬಹುಮಟ್ಟಿಗೆ ಕರಗುವುದು. ಎಂಜಿನ್ನಿನ ಹಳೆಯ ಎಣ್ಣೆಗೆ ಹೆಚ್ಚು ಕಾಲ ಹಿಡಿಯುವುದು. ಕೆಟ್ಟ ಮಣ್ಣನ್ನು ಸುಡುವುದೂ ಕೆರೆಯಂಗಳಕ್ಕೆ ಸುರಿಯುವುದೂ ಸಲ್ಲದು. ಶುದ್ಧಿಯಾದ ಮಣ್ಣನ್ನೂ ಒಳ್ಳೆಯ ಮಣ್ಣನ್ನೂ ಬೇರೆ ಬೇರೆ ಕುಂಡಗಳಲ್ಲಿ ತುಂಬಿ, ಒಂದೊಂದರಲ್ಲಿ ಇಪ್ಪತ್ತು ಜೋಳದ ಕಾಳು ಬಿತ್ತಿ ಮೊಳಕೆಗಳನ್ನು ಹೋಲಿಸಬಹುದು. ಎರಡೂ ಸಮನಾಗಿದ್ದರೂ ಪ್ರಯೋಗಾಲಯದ ವರದಿ ಬಂದ ಮೇಲೆಯೇ ಮಣ್ಣನ್ನು ಹೊಲಕ್ಕೆ ಹಿಂದಿರುಗಿಸಿ, ಮೊದಲು ಸೆಣಬನ್ನು ಬೆಳೆದು ಉಳುವುದು ಉತ್ತಮ.

ಕಾನೂನಿನ ವಿಷಯ

ಕೊಳವೆ ಮಾರ್ಗಗಳಿಗೆ ಸಂಬಂಧಿಸಿದ 1962ರ ಕೇಂದ್ರ ಕಾಯಿದೆಯಂತೆ ಕೊಳವೆ ಹಾದ ಪಟ್ಟಿಯ ಒಡೆತನ ರೈತರದ್ದೇ ಆಗಿದ್ದು, ಅಲ್ಲಿ ಬೇಸಾಯ ಮಾಡಬಹುದು. ಆದರೆ ಕಟ್ಟಡ, ಬಾವಿ, ಕೆರೆಗಳನ್ನು ಮಾಡುವುದಕ್ಕೂ ಮರ ನೆಡುವುದಕ್ಕೂ ಅವಕಾಶವಿಲ್ಲ. ಬೋರು ಕೊರೆಯಿಸುವವರೂ ಕೃಷಿಹೊಂಡ ತೋಡುವವರೂ ಇದನ್ನು ಮುಖ್ಯವಾಗಿ ಗಮನಿಸತಕ್ಕದ್ದು.

ಕಲುಷಿತ ಸ್ಥಳಗಳ ಬಗ್ಗೆ 2025ರಲ್ಲಿ ಹೊರಟ ಕೇಂದ್ರ ನಿಯಮಗಳಂತೆ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತವು ತಾನಾಗಿಯಾಗಲಿ, ಜನರ ದೂರಿನ ಮೇಲಾಗಲಿ, ಸಂಶಯಾಸ್ಪದ ಸ್ಥಳಗಳನ್ನು ಆರು ತಿಂಗಳಿಗೊಮ್ಮೆ ಪಟ್ಟಿಮಾಡಬೇಕು. ಆದುದರಿಂದ ಗ್ರಾಮದ ಮುಖಂಡರು ತಮ್ಮ ಎಲ್ಲೆಯೊಳಗಿನ ಕೊಳವೆಗಳು, ತೊಟ್ಟಿಗಳು, ಅವುಗಳ ಹತ್ತಿರದ ಬಾವಿಗಳು ಹಾಗೂ ತಿಳಿಸಬೇಕಾದ ದೂರವಾಣಿ ಸಂಖ್ಯೆಗಳನ್ನು ಪಂಚಾಯಿತಿಯ ಪುಸ್ತಕದಲ್ಲಿ ಈಗಲೇ ಬರೆಯಿಸಿಡುವುದು ಯುಕ್ತವು.