ಹವಳ: ಕಲ್ಲೋ, ಜೀವವೋ?

ನವರತ್ನಗಳಲ್ಲಿ ಹವಳವೂ ಒಂದು. ನಾನಿರುವ ವಯನಾಡಿನ ಭಾಷೆ ಮಲಯಾಳದಲ್ಲಿ ‘ಮಣಿಪ್ರವಾಳ’ ಎಂಬ ಕಾವ್ಯಶೈಲಿಯೇ ಇದೆ. ಹೀಗಾಗಿ ಹವಳ ಅಂದರೆ ಕಲ್ಲು ಅಂತಲೇ ನಮಗೆ ರೂಢಿ. ಆದರೆ ಅದು ಪ್ರಾಣಿ. ದಿಬ್ಬ ಕಟ್ಟುವ ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳಿರುತ್ತವೆ. ಬೆಳಕಿನಲ್ಲಿ ಅವು ತಯಾರಿಸುವ ಆಹಾರವೇ ಅದಕ್ಕೆ ಮುಖ್ಯ ಆಧಾರ.

ಕಡಲಿಲ್ಲದ ಈ ಬೆಟ್ಟದ ಜಿಲ್ಲೆಯಲ್ಲಿ ಮನೆಯೊಳಗೆ 400 ಲೀಟರಿನ ತೊಟ್ಟಿ ಇಡಬೇಕಾದರೆ ಸಮುದ್ರವನ್ನೇ ಕಲಸಬೇಕು ನೋಡಿ. ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ, ಒಟ್ಟು 14 ಕಿಲೋ ಅಕ್ವೇರಿಯಂ ಉಪ್ಪು. ಅಡುಗೆ ಉಪ್ಪು ನಡೆಯಲ್ಲ. ಹವಳದ ಅಸ್ಥಿಪಂಜರಕ್ಕೆ ಕ್ಯಾಲ್ಸಿಯಂ ಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತೆ. ಆದ್ದರಿಂದ ಕಡಿಮೆಯಾದಷ್ಟು ಸಿಹಿನೀರನ್ನೇ ಸೇರಿಸಬೇಕು. ಇಲ್ಲಿಯ ಚಳಿಗೆ ಹೀಟರ್, ಕರೆಂಟ್ ಹೋದಾಗ ಬ್ಯಾಟರಿಯ ಏರ್ ಪಂಪ್ ಅಗತ್ಯ. ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಹವಳ ಇಳಿಸಬಾರದು.

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿಯುತ್ತೆ: ಹವಳ ಎಲ್ಲಿಂದ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳೂ ಸೇರಿದವು. ಅಂದರೆ ನಮ್ಮ ಕಾಡಿನ ಆನೆ, ಹುಲಿಗಳಿಗಿರುವ ರಕ್ಷಣೆಯೇ ಇವಕ್ಕೂ ಇದೆ. ಲಕ್ಷದ್ವೀಪದಿಂದಾಗಲಿ, ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಿಂದಾಗಲಿ ಒಂದು ತುಂಡು ಕಿತ್ತು ತಂದರೂ ಅಪರಾಧ. ಹಾಗಾಗಿ ಮಾರುವವರ ಹತ್ತಿರ ಬೆಲೆ ಕೇಳೋ ಮೊದಲು ಕಾಗದಪತ್ರ ಕೇಳಿ. ಕಾನೂನು ಹವಳವನ್ನು ಜೀವ ಅಂತ ಒಪ್ಪಿದೆ. ನಮ್ಮ ಮಾತಿನ ರೂಢಿಯೂ ಒಪ್ಪಬೇಕು ಎಂಬುದು ನನ್ನ ವಾದ. ಚರ್ಚೆಗೆ ಸ್ವಾಗತ.