ಜಾಂಬೋಟಿಯ ಕಣಿವೆಗಳಲ್ಲಿ ವಾಸ

ಗುಡ್ಡದ ಮಗ್ಗುಲಲ್ಲಿ ಒಂದು ಹೆಂಚಿನ ಮನೆ, ಮನೆಯ ಮುಂದೆ ಗದ್ದೆ, ಗದ್ದೆಯ ಆಚೆಗೆ ಹೊಳೆ. ಇಂತಹ ಸ್ಥಳದಲ್ಲಿ ಬಾಳಬೇಕೆಂದು ಒಮ್ಮೆಯಾದರೂ ಬಯಸದ ಪಟ್ಟಣವಾಸಿಗಳು ವಿರಳ. ವರ್ಡ್ಸ್‌ವರ್ತ್ ಕವಿಯನ್ನು ಓದಿದವರಿಗೆ ಈ ಬಯಕೆಯು ಇಂಗ್ಲೆಂಡಿನ ಸರೋವರಪ್ರಾಂತದ ಕಣಿವೆಗಳ ರೂಪವನ್ನು ತಾಳಿ ಬರುವುದುಂಟು. ಅಷ್ಟು ದೂರ ಹೋಗಬೇಕಾದುದಿಲ್ಲ. ಬೆಳಗಾವಿಯಿಂದ ಚೋರ್ಲಾ ಘಟ್ಟದ ಮಾರ್ಗವಾಗಿ ಗೋವೆಗೆ ಹೊರಟವರು ಸುಮಾರು ಒಂದು ಗಂಟೆಯಲ್ಲಿ ಖಾನಾಪುರ ತಾಲ್ಲೂಕಿನ ಜಾಂಬೋಟಿಯನ್ನು ಮುಟ್ಟುವರು. ಕೇಳುತ್ತಿರುವ ಮಹಾಶಯರಲ್ಲಿ ಅನೇಕರು ಶ್ರಾವಣದಲ್ಲಿ ಅಲ್ಲಿ ಗಾಡಿಯನ್ನು ನಿಲ್ಲಿಸಿ, ಮಂಜು ಮುಸುಕಿದ ಕಾಡನ್ನು ನೋಡಿ, ಬಿಸಿ ಚಹವನ್ನು ಕುಡಿದು ಮುಂದೆ ಸಾಗಿರಬಹುದು. ನಾವೂ ಹಾಗೆಯೇ ಮಾಡಿದವರು. ಆ ಮಂಜಿನ ಒಳಗೆ ವರ್ಷವಿಡೀ ವಾಸಿಸುವುದೆಂದರೇನು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಿಸೋಣ.

ಈ ಸೀಮೆಯ ಸೊಬಗಿಗೆಲ್ಲ ನೀರೇ ಮೂಲ. ಜಾಂಬೋಟಿಗೆ ಪಶ್ಚಿಮದಲ್ಲಿರುವ ಕಣಕುಂಬಿಯಲ್ಲಿ ಮಲಪ್ರಭೆಯು ಹುಟ್ಟಿ, ಪೂರ್ವಾಭಿಮುಖವಾಗಿ ಸುಮಾರು 300 ಕಿಲೋಮೀಟರು ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಳು. ಅದೇ ಕಣಕುಂಬಿಯ ನೆರೆಯ ಕಳಸಾ ಹಳ್ಳವಾದರೋ ಪಶ್ಚಿಮಕ್ಕೆ ಇಳಿದು ಮಹದಾಯಿಯನ್ನು ಕೂಡುವುದು. ಆ ಮಹದಾಯಿಯೇ ಗೋವೆಯಲ್ಲಿ ಮಾಂಡವಿಯೆನಿಸಿ ಅರಬ್ಬೀ ಸಮುದ್ರವನ್ನು ಸೇರುವುದು. ಒಂದೇ ಊರಿನ ಮೇಲೆ ಬಿದ್ದ ಎರಡು ಹನಿಗಳು ಹೀಗೆ ಎರಡು ಕಡಲುಗಳ ಪಾಲಾಗುವುವು. ಈ ನೀರಿನ ಹಂಚಿಕೆಗಾಗಿ 2010ರಲ್ಲಿ ನ್ಯಾಯಮಂಡಳಿ ರಚಿತವಾಯಿತು. 2018ರ ಆಗಸ್ಟಿನಲ್ಲಿ ಅದು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಅಡಿ ನೀರನ್ನು ಹಂಚಿತು. ಆ ವಾದವನ್ನು ಕೆದಕುವುದು ನಮ್ಮ ಉದ್ದೇಶವಲ್ಲ. ಆದರೆ ಹುಬ್ಬಳ್ಳಿಯ ಕೂಗೂ ಪಣಜಿಯ ಕೂಗೂ ನಮ್ಮ ಕಿವಿಗೆ ಬೀಳುವಷ್ಟು, ಆ ನೀರಿನಲ್ಲೇ ನೆನೆಯುತ್ತ ಬಾಳುವವರ ಮಾತು ಬೀಳುವುದಿಲ್ಲವೆಂಬುದನ್ನು ಹೇಳದಿರಲಾರೆವು.

ಮಳೆಯೆಂದರೆ ಅಲ್ಲಿ ನಾವು ಬಲ್ಲ ಮಳೆಯಲ್ಲ. ಕಾಡಿನೊಳಗಣ ಆಮಗಾಂವದಲ್ಲಿ 2010ರಲ್ಲಿ 10,000 ಮಿಲಿಮೀಟರಿಗೂ ಮೀರಿ ಮಳೆ ದಾಖಲಾಯಿತು. ಜೂನ್ ತಿಂಗಳಲ್ಲಿ ಹಿಡಿದದ್ದು ಸೆಪ್ಟೆಂಬರಿನವರೆಗೆ ಬಿಡದು. ಅಕ್ಕಿ, ಉಪ್ಪು, ಸೌದೆ ಎಲ್ಲವನ್ನೂ ಮುಂಗಾರಿಗೆ ಮೊದಲೇ ಕೂಡಿಟ್ಟುಕೊಳ್ಳಬೇಕು. ಭತ್ತದ ನಾಟಿಯೂ ಆ ಮಳೆಯಲ್ಲಿಯೇ ಆಗಬೇಕು. ಹಳ್ಳಗಳು ತುಂಬಿದವೆಂದರೆ ಕಾಲುದಾರಿಗಳು ಮುಚ್ಚಿ, ಊರೊಂದು ದ್ವೀಪವಾಗುವುದು. ನಮಗೆ ಜಲಪಾತವಾಗಿ ಕಾಣುವುದೇ ಅವರಿಗೆ ದಾಟಲಾಗದ ಹಳ್ಳ.

ಇದರ ಮೇಲೆ ಇನ್ನೊಂದು ಸಂಗತಿಯುಂಟು. ಜಾಂಬೋಟಿಯ ದಕ್ಷಿಣಕ್ಕೆ ಹಬ್ಬಿರುವ ಸುಮಾರು 190 ಚದರ ಕಿಲೋಮೀಟರು ಕಾಡನ್ನು 2011ರಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅದು ಯುಕ್ತವಾದುದೇ. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ನನ ಬಾವಲಿಯೆಂಬ ಅತಿ ವಿರಳವಾದ ಜೀವಿಯಿದೆ; 1913ರಲ್ಲಿ ಶಾಸ್ತ್ರಜ್ಞರು ಅದನ್ನು ಮೊದಲು ವರ್ಣಿಸಿದ ಮೇಲೆ ಬಹುಕಾಲ ಲೋಕದ ಬೇರಾವ ಎಡೆಯಲ್ಲಿಯೂ ಅದು ಕಂಡಿರಲಿಲ್ಲ. ಆದರೆ ಧಾಮದ ಎಲ್ಲೆಯೊಳಗೆ ಗವ್ವಾಳಿ, ದೇಗಾಂವ, ತಳೇವಾಡಿ, ಆಮಗಾಂವ ಮುಂತಾದ ಹಳ್ಳಿಗಳೂ ಇದ್ದವು. ಧಾಮದಲ್ಲಿ ರಸ್ತೆ, ಸೇತುವೆ, ವಿದ್ಯುತ್ತಿನ ತಂತಿಗಳಿಗೆ ಅನುಮತಿ ದೊರೆಯುವುದು ದುರ್ಲಭ. 2024ರ ಜುಲೈಯಲ್ಲಿ ಆಮಗಾಂವದ ರೋಗಿಯೊಬ್ಬರನ್ನು ಊರವರು ಕಟ್ಟಿಗೆಯ ಚಟ್ಟದ ಮೇಲೆ ಮಲಗಿಸಿ, ಸುರಿವ ಮಳೆಯಲ್ಲಿ ಹಲವು ಕಿಲೋಮೀಟರು ಕಾಡುದಾರಿಯಲ್ಲಿ ಹೆಗಲ ಮೇಲೆ ಹೊತ್ತು ತಂದುದನ್ನು ಪತ್ರಿಕೆಗಳಲ್ಲಿ ಓದಿದವರು ಮರೆಯಲಾರರು.

ಇಂಗ್ಲೆಂಡಿನವರು ಬೇರೆ ಬಗೆಯಾಗಿ ನಡೆದರು. ಅವರ 1949ರ ಕಾಯಿದೆಯ ಮೇರೆಗೆ ಸರೋವರಪ್ರಾಂತವು 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಊರುಗಳು, ಹೊಲಗಳು, ಕುರಿಗಾಹಿಗಳು ಇದ್ದಲ್ಲಿಯೇ ಇದ್ದರು. 2017ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ, ಆ ಕುರಿಗಾಹಿಗಳ ಬದುಕೂ ಅವರು ಕಟ್ಟಿದ ಕಲ್ಲುಗೋಡೆಗಳೂ ಮಾನ್ಯತೆಗೆ ಕಾರಣವಾದುವು. ಆದರೆ ಅಲ್ಲಿಯೂ ಹಾಲುಜೇನು ಹರಿಯುತ್ತಿಲ್ಲ. ಚೆಲುವನ್ನು ಮೆಚ್ಚಿದ ಪಟ್ಟಣದ ಧನಿಕರು ರಜೆಯ ಮನೆಗಳನ್ನು ಕೊಂಡು ಬೆಲೆಯೇರಿಸಿದುದರಿಂದ, ಹಳ್ಳಿಯ ಮಕ್ಕಳಿಗೆ ತಮ್ಮೂರಿನಲ್ಲಿಯೇ ಮನೆ ಎಟುಕದಂತಾಗಿದೆ. ಮೇಲಾಗಿ, ಶತಮಾನಗಳ ಮೇವಿನಿಂದ ಬೋಳಾದ ಅವರ ಗುಡ್ಡಗಳಿಗೂ ನಮ್ಮ ದಟ್ಟಡವಿಗೂ ಸಾಮ್ಯ ಅಷ್ಟಕ್ಕಷ್ಟೆ. ಅವರ ಮಾದರಿಯನ್ನು ಹಾಗೆಯೇ ತಂದು ಇಲ್ಲಿ ನೆಡಲಾಗದು.

ಇಲ್ಲಿ ಸರಕಾರವು ಹಿಡಿದಿರುವ ದಾರಿ ಸ್ವಯಂ ಸಮ್ಮತಿಯ ಸ್ಥಳಾಂತರ. ಕುಟುಂಬವೊಂದಕ್ಕೆ 15 ಲಕ್ಷ ರೂಪಾಯಿ ಪರಿಹಾರ. 2025ರ ಮೇ ತಿಂಗಳಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಮೊದಲ ಕಂತೆಂದು 10 ಲಕ್ಷ ರೂಪಾಯಿಗಳ ಚೆಕ್ಕುಗಳು ಸಂದುವು. ಒಪ್ಪದವರನ್ನು ಎಬ್ಬಿಸುವಂತಿಲ್ಲ, 2006ರ ಅರಣ್ಯಹಕ್ಕುಗಳ ಕಾಯಿದೆಯು ಅವರ ಬೆನ್ನಿಗಿದೆ. ಆದರೆ ರಸ್ತೆಯಿಲ್ಲದ, ಆಸ್ಪತ್ರೆಯಿಲ್ಲದ ಊರಿನವನು ಕೊಟ್ಟ ಸಮ್ಮತಿಯು ಎಷ್ಟರಮಟ್ಟಿಗೆ ಸಮ್ಮತಿ ಎಂಬ ಸಂದೇಹವು ನಮ್ಮನ್ನು ಬಿಡದು. ಕೂಸನ್ನು ಎತ್ತಿಕೊಂಡ ತಾಯಿ ಆಸ್ಪತ್ರೆಯ ಹತ್ತಿರಕ್ಕೆ ಬರಲು ಬಯಸುವುದು ನ್ಯಾಯವೇ. ಗದ್ದೆಯ ಬದುವಿನಲ್ಲಿ ಹಿರಿಯರನ್ನು ಮಣ್ಣುಮಾಡಿದ ಮುದುಕನು ಬರಲೊಲ್ಲೆನೆನ್ನುವುದೂ ನ್ಯಾಯವೇ. ಇಬ್ಬರೂ ಒಂದೇ ಸೂರಿನ ಕೆಳಗಿರುವರು. ಪರಿಹಾರದ ಚೆಕ್ಕೂ ಮನೆಗೆ ಒಂದೇ.