ಜ್ವರ ಒಂದೇ ತೆರ, ವೈರಸ್ ಬೇರೆ

ಜ್ವರ, ಕೆಮ್ಮು, ಗಂಟಲು ಕೆರೆತ, ಮೈಕೈ ನೋವು. ಇಷ್ಟನ್ನೇ ನೋಡಿ ಇದು ಇನ್‌ಫ್ಲುಯೆಂಜಾ, ಇದು ಕೋವಿಡ್ ಎಂದು ಹೇಳಲು ಅನುಭವಿ ವೈದ್ಯರಿಗೂ ಆಗದು. ಹಾಗಾಗಿಯೇ ‘ಕೊರೊನಾ ಅಂದರೆ ಇನ್ನೊಂದು ಬಗೆಯ ಫ್ಲೂ ಅಷ್ಟೆ’ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಲಕ್ಷಣಗಳ ಮಟ್ಟಿಗೆ ಅದರಲ್ಲಿ ಹುರುಳಿದೆ. ವೈರಸ್ಸಿನ ಮಟ್ಟಿಗೆ ಅದು ತಪ್ಪು. ಎರಡಕ್ಕೂ ಕೊಬ್ಬಿನ ಹೊದಿಕೆ, ಒಳಗೆ ಆರ್‌ಎನ್‌ಎ; ಹೋಲಿಕೆ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು.

ಆ ಆರ್‌ಎನ್‌ಎಯ ಜೋಡಣೆಯೇ ಬೇರೆ. ಇನ್‌ಫ್ಲುಯೆಂಜಾ ‘ಎ’ ವೈರಸ್ಸಿನದು 8 ಬಿಡಿ ತುಂಡು, ಒಟ್ಟು ಸುಮಾರು 13,500 ಅಕ್ಷರ. ಹಂದಿಯ ಒಂದೇ ಜೀವಕೋಶಕ್ಕೆ ಎರಡು ತಳಿಯ ಫ್ಲೂ ಹೊಕ್ಕರೆ ತುಂಡುಗಳು ಅದಲುಬದಲಾಗಿ, ನಮ್ಮ ದೇಹ ಎಂದೂ ಕಾಣದ ತಳಿ ಒಂದೇ ಏಟಿಗೆ ಹುಟ್ಟಬಹುದು. 1957 ಮತ್ತು 1968ರ ಜಾಗತಿಕ ಪಿಡುಗುಗಳು ಹಕ್ಕಿಯ ಫ್ಲೂ ಮತ್ತು ಮನುಷ್ಯರ ಫ್ಲೂ ಹೀಗೆ ಬೆರೆತು ಬಂದವು. 2009ರಲ್ಲಿ ನಾವು ಹಂದಿಜ್ವರ ಎಂದ ಎಚ್1ಎನ್1 ಕೂಡ ಬೆರಕೆಯೇ. ಕೊರೊನಾದ್ದು ಸುಮಾರು 30,000 ಅಕ್ಷರಗಳ ಒಂದೇ ಎಳೆ. ಅಷ್ಟುದ್ದದ ಪಠ್ಯ ತಪ್ಪುಗಳ ಭಾರಕ್ಕೆ ಕುಸಿಯದಂತೆ ಅದು ತನ್ನದೇ ಕರಡು ತಿದ್ದುವವನನ್ನು ಇಟ್ಟುಕೊಂಡಿದೆ: ನಕಲಿನಲ್ಲಿ ನುಸುಳಿದ ತಪ್ಪು ಅಕ್ಷರವನ್ನು ಕತ್ತರಿಸಿ ತೆಗೆಯುವ ಕಿಣ್ವ. ಫ್ಲೂಗೆ ಆ ಸೌಲಭ್ಯವಿಲ್ಲ. ಹಾಗಿದ್ದರೆ ಕೊರೊನಾದ ಡೆಲ್ಟಾ, ಓಮಿಕ್ರಾನ್ ತಳಿಗಳು ಎಲ್ಲಿಂದ ಬಂದವು? ನ್ಯಾಯವಾದ ಪ್ರಶ್ನೆ. ತಿದ್ದುವವನಿದ್ದರೂ ತಪ್ಪು ಪೂರ್ತಿ ನಿಲ್ಲುವುದಿಲ್ಲ. ಕೋಟ್ಯಂತರ ಮಂದಿಗೆ ಸೋಂಕು ತಗುಲಿದಾಗ ಅಪರೂಪದ ತಪ್ಪುಗಳೂ ರಾಶಿ ಬೀಳುತ್ತವೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿದು ಬದಲಾಗುತ್ತ ಹೋಗಬಹುದು. ನಕಲಿನ ನಡುವೆ ಒಂದು ಎಳೆಯಿಂದ ಇನ್ನೊಂದಕ್ಕೆ ಜಿಗಿದು ಬೆರಕೆ ಎಳೆ ಹುಟ್ಟುವುದೂ ಉಂಟು. 2022ರ ಎಕ್ಸ್‌ಬಿಬಿ ಹಾಗೆ ಓಮಿಕ್ರಾನಿನ ಎರಡು ಉಪತಳಿಗಳಿಂದ ಆದದ್ದು.

ಇದೆಲ್ಲ ಪ್ರಯೋಗಾಲಯದವರಿಗೆ ಬಿಟ್ಟದ್ದು, ಜ್ವರ ಬಂದವರಿಗೆ ಪ್ಯಾರಸಿಟಮಾಲ್, ಗಂಜಿ, ವಿಶ್ರಾಂತಿ ಸಾಕಲ್ಲವೇ ಎನ್ನಬಹುದು. ಗಟ್ಟಿಮುಟ್ಟಾದ ಹೆಚ್ಚಿನವರಿಗೆ ಸಾಕು. ಆದರೆ ವಯಸ್ಸಾದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಅಥವಾ ಉಬ್ಬಸ ಇರುವವರ ವಿಷಯದಲ್ಲಿ ಈ ಉದಾಸೀನ ಜೀವಕ್ಕೇ ಎರವಾದೀತು. ಏಕೆಂದರೆ ಯಾವ ಔಷಧ ಎಂಬುದು ಯಾವ ವೈರಸ್ ಎಂಬುದರ ಮೇಲೆ ನಿಂತಿದೆ. ಹೊಸದಾಗಿ ಹುಟ್ಟಿದ ಫ್ಲೂ ವೈರಸ್ ಕೋಶದ ಮೈಗೆ ಅಂಟಿಕೊಂಡಿರುತ್ತದೆ. ನ್ಯೂರಮಿನಿಡೇಸ್ ಎಂಬ ಕಿಣ್ವದಿಂದ ಆ ಅಂಟು ಬಿಡಿಸಿಕೊಂಡರಷ್ಟೇ ಅದು ಮುಂದಿನ ಕೋಶಕ್ಕೆ ದಾಟಬಲ್ಲದು. ಓಸೆಲ್ಟಾಮಿವಿರ್ ಎಂಬ ಫ್ಲೂ ಔಷಧ ತಡೆಯುವುದು ಆ ಕಿಣ್ವವನ್ನೇ. ಕೋವಿಡ್ ವೈರಸ್ಸಿನಲ್ಲಿ ಅದು ಇಲ್ಲವೇ ಇಲ್ಲ, ಹಾಗಾಗಿ ಅಲ್ಲಿ ಈ ಔಷಧ ನಾಟುವುದಿಲ್ಲ. ಫ್ಲೂ ಇದ್ದವರಿಗೂ ಅದು ಚೆನ್ನಾಗಿ ಕೆಲಸ ಮಾಡುವುದು ಲಕ್ಷಣ ಕಂಡ 48 ಗಂಟೆಯೊಳಗೆ ಶುರುಮಾಡಿದರೆ. ಆದ್ದರಿಂದ ಅಪಾಯದ ಅಂಚಿನಲ್ಲಿರುವವರು ‘ನಾಲ್ಕು ದಿನ ನೋಡೋಣ’ ಎನ್ನದೆ ಬೇಗ ವೈದ್ಯರಲ್ಲಿಗೆ ಹೋಗಬೇಕು; ಮೂಗಿನಿಂದ ತೆಗೆದ ಒಂದೇ ಮಾದರಿಯಲ್ಲಿ ಎರಡೂ ವೈರಸ್ಸನ್ನು ಹುಡುಕುವ ಪರೀಕ್ಷೆಗಳು ಈಗ ಇವೆ.